ಹಿತ್ತಿಲಿನಲ್ಲಿ ಮಾಗಿಯಿಂದ ವಸಂತಕ್ಕೆ

ಶೀತದೇಶಗಳಲ್ಲಿ ಹಿಮ ಕರಗುವುದೇ ವಸಂತದ ಸೂಚನೆ. ಬೆಂಗಳೂರು, ಮೈಸೂರುಗಳ ಹಿತ್ತಿಲಿಗೆ ಆ ಸೂಚನೆಯಿಲ್ಲ. ಆದರೂ ಮಾಘ ಕಳೆದು ಫಾಲ್ಗುಣ ಕಾಲಿಡುವಷ್ಟರಲ್ಲಿ ಅವರೆ ಒಣಗುತ್ತದೆ, ಮಾವು ಹೂತಿರುತ್ತದೆ, ಬೇಲಿಯಂಚಿನ ಹೊಂಗೆ ಎಲೆಯುದುರಿಸಿ ಚಿಗುರತೊಡಗುತ್ತದೆ. ಈ ಮೂರೂ ಋತುವನ್ನು ಒಂದೇ ವಿಧದಲ್ಲಿ ಅರಿಯುವುವೆಂದು ನಾವು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ.

ನಾಟಿ ಅವರೆ ಅನುಸರಿಸುವುದು ಹಗಲಿನ ದೈರ್ಘ್ಯವನ್ನು. ಕೆಲವು ಸಸ್ಯಗಳು ಹಗಲು ಕುಗ್ಗಿದಾಗಲೇ ಹೂಬಿಡುವುವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ೧೯೨೦ರಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಅವರೆಗೆ ಅಷ್ಟೇ ಸಾಕು. ಆದುದರಿಂದಲೇ ನಾಟಿ ಬೀಜವನ್ನು ಮಾಗಿಯ ಕೊನೆಯಲ್ಲಿ ಬಿತ್ತಿದರೆ ಬಳ್ಳಿ ಹಬ್ಬೀತು, ಕಾಯಿ ದುರ್ಲಭ. ಹಗಲಿನ ಅಳತೆಗೆ ಕಟ್ಟುಬೀಳದ ಹೆಬ್ಬಾಳ ಅವರೆ-೩ರಂತಹ ತಳಿಗಳ ಮಾತು ಬೇರೆ.

ಮಾವಿಗೆ ಬೇಕಾದುದು ಬಲಿತ ರೆಂಬೆ, ತಂಪಾದ ರಾತ್ರಿ. ಹೂಮೊಗ್ಗು ಮೂಡುವ ಮುನ್ನ ಧಾರಾಳವಾಗಿ ನೀರೆರೆದರೆ ಹೂವಿಗೆ ಬದಲಾಗಿ ಎಲೆಯೇ ಚಿಗುರಬಹುದು. ನಮ್ಮ ಉಪಚಾರವೇ ಫಲಕ್ಕೆ ಕುತ್ತಾಗುತ್ತದೆ.

ಹೊಂಗೆಯದು ನೀರಿನ ಲೆಕ್ಕ. ಎಲೆಯುದುರಿದಾಗ ಆವಿಯಾಗುವ ನೀರು ಉಳಿಯುತ್ತದೆ. ಆಳಕ್ಕಿಳಿದ ಬೇರು ತಳದ ತೇವವನ್ನೊದಗಿಸಿ, ಮಳೆಗೆ ಮೊದಲೇ ಚಿಗುರು ಮೂಡಿಸುತ್ತದೆ. ಉದುರಿದ ಎಲೆಯನ್ನು ಸುಡುವುದು ಹಲವೆಡೆ ರೂಢಿ. ಸಾರಜನಕವುಳ್ಳ ಅದನ್ನು ಗಿಡಗಳ ಬುಡಕ್ಕೆ ಹೊದಿಸಿದರೆ ಬೇಸಗೆಯಲ್ಲಿ ನೆಲದ ತೇವ ಉಳಿದು, ಮುಂದೆ ಗೊಬ್ಬರವೂ ಆಗುತ್ತದೆ.

ರಾತ್ರಿಯ ಚಳಿ ತಗ್ಗಿದ ವರ್ಷ ಮಾವು ಹೂವಿಗೆ ತಡಮಾಡೀತು. ಹಗಲಿನ ಲೆಕ್ಕ ಮಾತ್ರ ಬದಲಾಗದು. ವಿದ್ಯಾರ್ಥಿಗಳು ತಮ್ಮ ಹಿತ್ತಿಲಿನ ಈ ಮೂರು ದಿನಾಂಕಗಳನ್ನು ವರ್ಷವರ್ಷವೂ ಬರೆದಿಟ್ಟರೆ, ಹವೆಯ ಮಾರ್ಪಾಡನ್ನು ಅಲ್ಲಿಯೇ ಓದಬಹುದು.