ವಿಮಾ ಗ್ರಾಹಕರನ್ನು ಗಳಿಸುವ ಬಗೆ: ಲಾರಿ ಕಟ್ಟೆಯಿಂದ ಫೋನಿನ ಕಟ್ಟೆಗೆ



ನಮ್ಮ ಬೆಳೆಗಾರ ಕುಟುಂಬಗಳ ಹಲವು ಯುವಕ ಯುವತಿಯರು ತೋಟದ ಕೆಲಸದ ಜೊತೆಗೆ ವಿಮಾ ಏಜೆನ್ಸಿಯನ್ನೂ ಹಿಡಿದಿದ್ದಾರೆ. ಎರಡು ಮೂರು ಎಕರೆಯ ಹಿಡುವಳಿಯಲ್ಲಿ ಕಾಫಿಯ ಧಾರಣೆ ಒಂದು ವರ್ಷ ಏರಿ ಮತ್ತೊಂದು ವರ್ಷ ಇಳಿಯುವಾಗ, ಅಡಿಕೆಗೆ ಕೊಳೆರೋಗ ತಗುಲಿ ಫಸಲು ಕೈತಪ್ಪುವಾಗ, ಮನೆಗೆ ಇನ್ನೊಂದು ಆದಾಯ ಬೇಕೆನಿಸುವುದು ಸಹಜವೇ. ಆದರೆ ಮೊದಲ ವರ್ಷ ಚಿಕ್ಕಪ್ಪ, ಸೋದರಮಾವ, ಭಾವ ಇವರಿಗೆಲ್ಲ ಒಂದೊಂದು ಪಾಲಿಸಿ ಮಾಡಿಸಿಯಾದ ಮೇಲೆ ಮುಂದೆ ಯಾರ ಬಳಿಗೆ ಹೋಗುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಫೋನಿನಲ್ಲಿ ‘ಲಿಂಕ್ಡ್‌ಇನ್’ ಎಂಬ ಉದ್ಯೋಗಸ್ಥರ ಜಾಲಕ್ಕೆ ಸೇರಿದರೆ ಗ್ರಾಹಕರು ತಾವಾಗಿಯೇ ಬರುತ್ತಾರೆಂಬ ಮಾತು ಈಗ ಕೇಳಿಬರುತ್ತಿದೆ. ಇದರಲ್ಲಿ ನಿಜವೆಷ್ಟು, ಅದನ್ನು ಬಳಸುವ ಕ್ರಮವೇನು, ಮಾಡಬಾರದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಏಜೆಂಟರಲ್ಲದ ಸದಸ್ಯರೂ ಇದನ್ನು ಓದಬೇಕು; ಏಕೆಂದರೆ ಆ ‘ಗ್ರಾಹಕ’ ಎಂಬವರು ನಾವೇ.

ಕಾಫಿ ಅಂಗಡಿಯಲ್ಲಿ ಬೆಳೆದ ವ್ಯಾಪಾರ

ವಿಮೆಗೂ ಕಾಫಿಗೂ ಹಳೆಯ ನಂಟಿದೆ. 1680ರ ದಶಕದಲ್ಲಿ ಲಂಡನ್ನಿನ ಟವರ್ ಬೀದಿಯಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತ ಒಂದು ಕಾಫಿ ಅಂಗಡಿ ನಡೆಸುತ್ತಿದ್ದ. ಹಡಗಿನ ಒಡೆಯರು, ನಾವಿಕರು, ವರ್ತಕರು ಅಲ್ಲಿ ಸೇರುತ್ತಿದ್ದರು. ಯಾವ ಹಡಗು ಹೊರಟಿತು, ಯಾವುದು ಮುಳುಗಿತು ಎಂಬ ಸುದ್ದಿ ಅಲ್ಲಿ ಸಿಗುತ್ತಿತ್ತು. ಹಡಗಿನ ನಷ್ಟದಲ್ಲಿ ಪಾಲು ಹೊರಲು ಒಪ್ಪಿದವರು ಕಾಗದದ ಕೆಳಗೆ ತಮ್ಮ ಹೆಸರು ಬರೆಯುತ್ತಿದ್ದರು. ಇಂದು ಜಗತ್ಪ್ರಸಿದ್ಧವಾಗಿರುವ ‘ಲಾಯ್ಡ್ಸ್’ ವಿಮಾ ಮಾರುಕಟ್ಟೆ ಬೆಳೆದದ್ದು ಈ ಅಂಗಡಿಯಿಂದಲೇ.

ನಮ್ಮ ನಾಡಿನಲ್ಲಿಯೂ ವಿಮೆ ಹರಡಿದ್ದು ಕಸುಬಿನ ದಾರಿಯಲ್ಲಿಯೇ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಸರ್ಕಾರಿ ನೌಕರರಿಗಾಗಿ ಆರಂಭವಾದ ವಿಮಾ ಯೋಜನೆಯೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಗೆ ಮೂಲ. ಒಂದು ಕಸುಬಿನವರಿಗೆ ಇರುವ ಭಯ ಒಂದೇ ತೆರನದು. ಆ ಭಯವನ್ನು ಅರಿತವನ ಮಾತನ್ನು ಅವರು ಕೇಳುತ್ತಾರೆ.

ಬಸವಕಲ್ಯಾಣ, ಹುಮನಾಬಾದುಗಳ ಪಾಠ

ಇದನ್ನು ತಿಳಿಯಲು ನಮ್ಮ ಮಲೆನಾಡಿನಿಂದ ಬಹು ದೂರದ ಬೀದರ್ ಜಿಲ್ಲೆಯ ಎರಡು ಊರುಗಳನ್ನು ನೋಡೋಣ. ಬಸವಕಲ್ಯಾಣ, ಹುಮನಾಬಾದುಗಳಲ್ಲಿ ಕಾಫಿಯೂ ಇಲ್ಲ, ಅಡಿಕೆ ತೋಟವೂ ಇಲ್ಲ. ತೊಗರಿ, ಸೋಯಾ, ಉದ್ದು, ಹೆಸರು, ಜೋಳ, ಕಬ್ಬು ಅಲ್ಲಿಯ ಬೆಳೆಗಳು. ಹೈದರಾಬಾದಿನಿಂದ ಸೋಲಾಪುರದ ಮೇಲೆ ಪುಣೆಗೆ ಹೋಗುವ ಹೆದ್ದಾರಿ ಈ ಸೀಮೆಯನ್ನು ಹಾದುಹೋಗುತ್ತದೆ. ಬೀದರಿನಿಂದ ಕಲಬುರಗಿಗೆ ಹೋಗುವ ರಸ್ತೆ ಹುಮನಾಬಾದಿನಲ್ಲಿ ಇದನ್ನು ಕೂಡುತ್ತದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಹುಮನಾಬಾದಿನ ಮೇಲೆ ಆರಂಭವಾಯಿತು. ಬಸವಕಲ್ಯಾಣವಂತೂ ಲಾರಿಗಳ ಊರೆಂದೇ ಹೆಸರಾದದ್ದು.

ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದ ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದ ಶರಣರು ಕೂಡುತ್ತಿದ್ದರೆಂಬುದು ನಮಗೆಲ್ಲ ತಿಳಿದ ವಿಷಯ. ಅವರ ಹೆಸರಿನಲ್ಲಿಯೇ ಅವರವರ ಕಾಯಕವಿದೆ. ಆ ಮಹಾಸಭೆಗೂ ವಿಮಾ ವ್ಯಾಪಾರಕ್ಕೂ ಹೋಲಿಕೆ ಸಲ್ಲದು. ಆದರೆ ಮನುಷ್ಯನನ್ನು ಅವನ ದುಡಿಮೆಯಿಂದ ಗುರುತಿಸುವ ರೂಢಿ ಆ ಊರಿಗೆ ಹೊಸದಲ್ಲ ಎಂದಷ್ಟೇ ಹೇಳಬಹುದು.

ಲಾರಿ ವಿಮೆಯಲ್ಲಿ ಒಂದು ವಿಶೇಷವುಂಟು. 1988ರ ಮೋಟಾರು ವಾಹನ ಕಾಯ್ದೆಯಂತೆ ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಡ್ಡಾಯ. ಇದರ ಮೂಲ ಕಂತನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಹಾಗಾಗಿ ಈ ಭಾಗದಲ್ಲಿ “ನಮ್ಮಲ್ಲಿ ಅಗ್ಗ” ಎಂದು ಹೇಳಿ ಗ್ರಾಹಕನನ್ನು ಸೆಳೆಯುವಂತಿಲ್ಲ. ಸ್ವಂತ ವಾಹನದ ಹಾನಿಯ ವಿಮೆಯಲ್ಲಿ ಮಾತ್ರ ದರ ಹೆಚ್ಚು ಕಡಿಮೆ ಇರಬಹುದು. ಇನ್ನು ಲಾರಿ ಮಾಲೀಕನು ಏಜೆಂಟನಲ್ಲಿ ನೋಡುವುದೇನು? ನಡುರಾತ್ರಿ ಸೋಲಾಪುರದ ಆಚೆ ಅಪಘಾತವಾದರೆ ಫೋನು ಎತ್ತುತ್ತಾನೆಯೇ, ಸರ್ವೇಯರನನ್ನು ಕರೆಸಲು ಓಡಾಡುತ್ತಾನೆಯೇ, ಅವಧಿ ಮುಗಿಯುವ ಮೊದಲೇ ನೆನಪಿಸುತ್ತಾನೆಯೇ ಎಂಬುದನ್ನು. ಪರಿಹಾರದ ಹೊತ್ತಿಗೆ ಸಿಗದ ಏಜೆಂಟನು ಊಟಕ್ಕಿಲ್ಲದ ಉಪ್ಪಿನಕಾಯಿ. ಒಬ್ಬ ಮಾಲೀಕನಿಗೆ ಸರಿಯಾಗಿ ನೆರವಾದರೆ ಲಾರಿ ನಿಲ್ಲುವ ಕಟ್ಟೆಯಲ್ಲಿ, ಗ್ಯಾರೇಜಿನಲ್ಲಿ, ಚಹಾದ ಅಂಗಡಿಯಲ್ಲಿ ಆ ಸುದ್ದಿ ತಾನಾಗಿ ಹರಡುತ್ತದೆ. ಕೈಕೊಟ್ಟರೆ ಅದು ಇನ್ನೂ ಬೇಗ ಹರಡುತ್ತದೆ.

ಬೆಳೆ ವಿಮೆಯ ಮಾತೂ ಇಂತಹದೇ. 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಯಾದಾಗ ಬೀದರ್ ಜಿಲ್ಲೆಯ ರೈತರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಅಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಜಾಲ ಹಳ್ಳಿಹಳ್ಳಿಗೂ ಇದೆ. ಜಿಲ್ಲಾ ಸಹಕಾರಿ ಬ್ಯಾಂಕು ಸ್ವಸಹಾಯ ಗುಂಪುಗಳ ಕೆಲಸಕ್ಕೆ ಹೆಸರಾದದ್ದು. ಪರಿಚಿತ ಮುಖ, ಪರಿಚಿತ ಸೊಸೈಟಿ ಇದ್ದರೆ ಜನ ಹಣ ಕಟ್ಟಲು ಹಿಂಜರಿಯುವುದಿಲ್ಲ.

ನಮಗೆ ಫೋನಿನ ಕಟ್ಟೆ ಏಕೆ?

ಬಸವಕಲ್ಯಾಣದ ಏಜೆಂಟನು ಒಂದು ಬೆಳಿಗ್ಗೆ ಲಾರಿ ಕಟ್ಟೆಗೆ ಹೋದರೆ ಹತ್ತಾರು ಮಾಲೀಕರನ್ನು ಕಾಣಬಲ್ಲ. ನಮ್ಮಲ್ಲಿ ಹಾಗಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ತೋಟ, ಹಳ್ಳ, ಏರು ದಾರಿ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಮೇಲಾಗಿ, ತೋಟದಲ್ಲಿ ತಂದೆ ತಾಯಿ ಮಾತ್ರ ಇದ್ದು ಮಕ್ಕಳು ಬೆಂಗಳೂರು, ಮಂಗಳೂರು ಸೇರಿರುತ್ತಾರೆ. ಬೀದರ್ ಕಡೆಯ ಮಕ್ಕಳು ಹೈದರಾಬಾದು, ಪುಣೆಗೆ ಹೋದ ಹಾಗೆಯೇ. ತಂದೆಯ ಆರೋಗ್ಯ ವಿಮೆಯ ಕಂತು ಕಟ್ಟುವವನು ಬಹಳ ವೇಳೆ ಈ ದೂರದ ಮಗನೇ.

ಲಿಂಕ್ಡ್‌ಇನ್ ಪ್ರಯೋಜನಕ್ಕೆ ಬರುವುದು ಇಲ್ಲಿ. 2003ರಲ್ಲಿ ಅಮೆರಿಕದಲ್ಲಿ ಆರಂಭವಾದ, 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಈ ಜಾಲದಲ್ಲಿ ಜನರು ತಮ್ಮ ಉದ್ಯೋಗ, ಊರು, ಅನುಭವಗಳನ್ನು ಬರೆದಿಟ್ಟು ಪರಸ್ಪರ ಪರಿಚಯ ಬೆಳೆಸುತ್ತಾರೆ. ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಎರಡು ಎಕರೆ ತೋಟದ ನೆರೆಯವನನ್ನಾಗಲಿ, ಒಂದೇ ಲಾರಿಯ ಮಾಲೀಕನನ್ನಾಗಲಿ ಅಲ್ಲಿ ಹುಡುಕಿ ಫಲವಿಲ್ಲ. ಅವರನ್ನು ಸೊಸೈಟಿಯಲ್ಲಿ, ಸಂತೆಯಲ್ಲಿ, ವಾಟ್ಸ್‌ಆ್ಯಪಿನಲ್ಲಿ ಕಾಣಬೇಕು. ಲಿಂಕ್ಡ್‌ಇನ್ನಿನಲ್ಲಿ ಸಿಗುವವರು ಊರು ಬಿಟ್ಟ ನಮ್ಮ ವಿದ್ಯಾವಂತ ಮಕ್ಕಳು, ಕಾಫಿ ಕ್ಯೂರಿಂಗ್ ಮತ್ತು ರಫ್ತು ಸಂಸ್ಥೆಗಳ ಅಧಿಕಾರಿಗಳು, ಸಾಗಣೆ ಕಂಪನಿಗಳ ವ್ಯವಸ್ಥಾಪಕರು.

ಅನುಸರಿಸಬೇಕಾದ ಕ್ರಮ

1. ಪರಿಚಯವನ್ನು ಸರಳವಾಗಿ ಬರೆಯಿರಿ. ‘ಆರ್ಥಿಕ ಸಲಹಾ ತಜ್ಞ’ ಎಂಬ ದೊಡ್ಡ ಬಿರುದು ಬೇಡ. ಯಾವ ಊರು, ಯಾವ ಕಂಪನಿಯ ಏಜೆಂಟ್, ಮನೆಯಲ್ಲಿ ಏನು ಬೆಳೆಯುತ್ತೀರಿ ಎಂಬುದನ್ನು ಬರೆದರೆ ಸಾಕು. ಕಾಫಿ ಕೊಯ್ಲು ಬಲ್ಲವನೆಂಬುದೇ ನಿಮ್ಮ ದೊಡ್ಡ ಅರ್ಹತೆ.

2. ಮೊದಲು ತಿಳಿಸಿರಿ, ಆಮೇಲೆ ಮಾರಿರಿ. ವಾರಕ್ಕೊಂದು ಉಪಯುಕ್ತ ಸಂಗತಿ ಬರೆಯಿರಿ. ಉದಾಹರಣೆಗೆ, ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನ ಪಾಲು ವಿಮಾ ಮೊತ್ತದ ಶೇಕಡಾ 5. ಅಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆಮಾಪಕ ಮುಂತಾದ ಹವಾಮಾನದ ಅಂಕಿಗಳಿಂದಲೇ ಹೊರತು ನಿಮ್ಮ ತೋಟದ ಗೊನೆ ಎಣಿಸಿ ಅಲ್ಲ. ಇಷ್ಟು ವಿಷಯ ತಿಳಿಯದೆ ಬೇಸರಪಟ್ಟವರು ನಮ್ಮಲ್ಲಿ ಎಷ್ಟು ಮಂದಿ!

3. ಕಮಿಷನ್ ಇಲ್ಲದ್ದನ್ನೂ ಹೇಳಿರಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ಕೇವಲ 20 ರೂಪಾಯಿ. 18ರಿಂದ 70 ವರ್ಷದವರಿಗೆ ಬ್ಯಾಂಕ್ ಖಾತೆಯ ಮೂಲಕ ಸಿಗುತ್ತದೆ. ಅಪಘಾತದಲ್ಲಿ ಮರಣವಾದರೆ 2 ಲಕ್ಷ ರೂಪಾಯಿ. ಜೀವನ ಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ. 18ರಿಂದ 50 ವರ್ಷದವರು ಸೇರಬಹುದು. ಅಡಿಕೆ ಮರ ಹತ್ತುವ ಕೊನೆಗಾರನ ಮನೆಗೆ ಇವುಗಳ ಬೆಲೆ ಏನೆಂದು ನಾವು ಬಲ್ಲೆವು. ತನಗೆ ಲಾಭವಿಲ್ಲದ ಹಿತವನ್ನು ಹೇಳಿದವನನ್ನು ಜನ ಮುಂದೆ ನೆನೆಯುತ್ತಾರೆ.

4. ಅಪರಿಚಿತರಿಗೆ ಒಂದೇ ಓಲೆಯನ್ನು ನೂರು ಜನಕ್ಕೆ ಕಳಿಸಬೇಡಿರಿ. ಹೆಸರು ಹಿಡಿದು, ಊರು ನೆನೆದು, ನಾಲ್ಕು ಸಾಲು ಬರೆಯಿರಿ. ಉತ್ತರ ಬಾರದಿದ್ದರೆ ಪೀಡಿಸಬೇಡಿರಿ. ಬೀದರ್ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲವೂ ಬಳಕೆಯಲ್ಲಿವೆ. ಅಲ್ಲಿ ವ್ಯಾಪಾರ ಮಾಡುವವರು ಗಿರಾಕಿಯ ಮಾತಿನಲ್ಲೇ ಮಾತಾಡುತ್ತಾರೆ. ನಾವೂ ನಮ್ಮವರಿಗೆ ಕನ್ನಡದಲ್ಲೇ ಬರೆಯಬಹುದು.

5. ಫೋನಿನ ಪರಿಚಯವನ್ನು ಮುಖದ ಪರಿಚಯವಾಗಿಸಿರಿ. ಮಗನು ಹಬ್ಬಕ್ಕೆ ಊರಿಗೆ ಬಂದಾಗ ಮನೆಗೆ ಹೋಗಿ ತಂದೆ ತಾಯಿಯರ ಎದುರಿನಲ್ಲಿಯೇ ಪಾಲಿಸಿಯ ವಿವರ ಹೇಳಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆಸಿರಿ. ಮುಚ್ಚಿಟ್ಟು ಮಾಡಿಸಿದ ಪಾಲಿಸಿ ಆಸ್ಪತ್ರೆಯ ಬಾಗಿಲಲ್ಲಿ ಕೈಬಿಡಬಹುದು.

ಮಾಡಬಾರದ್ದು

“ನನ್ನ ಕಮಿಷನ್ನಿನಲ್ಲಿ ಪಾಲು ಕೊಡುತ್ತೇನೆ, ಮೊದಲ ಕಂತು ನಾನೇ ತುಂಬುತ್ತೇನೆ” ಎಂದು ಆಸೆ ತೋರಿಸುವುದನ್ನು 1938ರ ವಿಮಾ ಕಾಯ್ದೆಯ 41ನೆಯ ಕಲಮು ನಿಷೇಧಿಸಿದೆ. ಕಂಪನಿಯ ಒಪ್ಪಿಗೆಯಿಲ್ಲದ ಜಾಹೀರಾತನ್ನು ಏಜೆಂಟನು ತಾನೇ ಬರೆದು ಹಾಕುವಂತಿಲ್ಲ; ಫೋನಿನ ಜಾಲಕ್ಕೂ ಇದು ಅನ್ವಯಿಸುತ್ತದೆ. ಪರಿಹಾರ ಪಡೆದ ಗ್ರಾಹಕನ ಹೆಸರು, ಕಾಯಿಲೆ, ಚೆಕ್ಕಿನ ಚಿತ್ರ ಇವನ್ನು ಪ್ರಚಾರಕ್ಕಾಗಿ ಪ್ರಕಟಿಸುವುದು ಸಲ್ಲದು. ಸತ್ತವರ ಮನೆಯ ದುಃಖವು ನಮ್ಮ ಅಂಗಡಿಯ ಬೋರ್ಡಾಗಬಾರದು.

ಸದಸ್ಯರು ಗಮನಿಸಬೇಕಾದದ್ದು

ಫೋನಿನಲ್ಲಿ ಪರಿಚಯವಾದವರೆಲ್ಲ ಏಜೆಂಟರಲ್ಲ. ಕಂಪನಿಯ ಗುರುತಿನ ಚೀಟಿ ಕೇಳಿರಿ. ಹಣವನ್ನು ಕಂಪನಿಯ ಹೆಸರಿಗೇ ಕಟ್ಟಿ ರಸೀದಿ ಪಡೆಯಿರಿ. ವ್ಯಕ್ತಿಯ ಖಾತೆಗೆ ಹಾಕಬೇಡಿರಿ. ವಿಮಾ ನಿಯಂತ್ರಣ ಪ್ರಾಧಿಕಾರವು ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ. ಅದರ ಹೆಸರಿನಲ್ಲಿ ಕರೆ ಬಂದರೆ ಮೋಸವೆಂದೇ ತಿಳಿಯಿರಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಕಂತುಗಳ ಮೇಲೆ ಜಿ.ಎಸ್.ಟಿ. ಇಲ್ಲ, ಅದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ. ಜೀವ ವಿಮೆ, ಆರೋಗ್ಯ ವಿಮೆಗಳ ಪತ್ರ ಕೈಸೇರಿದ ಮೇಲೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ. ದೂರು ಕೊಡಲು ಪ್ರಾಧಿಕಾರದ ಉಚಿತ ಸಂಖ್ಯೆ 155255. ಕಂಪನಿಯ ಉತ್ತರದಿಂದ ಸಮಾಧಾನವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಶುಲ್ಕವಿಲ್ಲದೆ ಮೊರೆಹೋಗಬಹುದು.

ಕೊನೆಯದಾಗಿ ಏಜೆನ್ಸಿ ಹಿಡಿದ ನಮ್ಮ ಮಕ್ಕಳಿಗೆ ಒಂದು ಮಾತು. ಅಡಿಕೆ ಸಸಿ ನೆಟ್ಟ ವರ್ಷವೇ ಗೊನೆ ಬಿಡುವುದಿಲ್ಲ. ಐದಾರು ವರ್ಷ ನೀರು ಗೊಬ್ಬರ ಹಾಕಿ ಕಾಯುತ್ತೇವೆ. ಗ್ರಾಹಕನ ನಂಬಿಕೆಯೂ ಹಾಗೆಯೇ. ಲಾರಿ ಕಟ್ಟೆಯಾಗಲಿ, ಫೋನಿನ ಕಟ್ಟೆಯಾಗಲಿ, ಕೂತು ಮಾತಾಡಲು ಜಾಗ ಕೊಡುತ್ತದೆಯೇ ಹೊರತು ನಂಬಿಕೆಯನ್ನು ಕೊಡುವುದಿಲ್ಲ. ಆ ನಂಬಿಕೆಯನ್ನು ಪರಿಹಾರದ ಅರ್ಜಿ ಹಿಡಿದು ಗ್ರಾಹಕನ ಜೊತೆಗೆ ಓಡಾಡಿದ ದಿನವೇ ಗಳಿಸಬೇಕು.