ಡೆಕ್ ಹಲಗೆಗೆ ಏನು ಹಚ್ಚಿದರೆ ಬಾಳಿಕೆ? ಹೊಳಪು ನೋಡಿ ಮೋಸ ಹೋಗಬೇಡಿ

ಮಡಿಕೇರಿ: ತೋಟದ ಕಡೆ ಮುಖ ಮಾಡಿದ ಮರದ ಡೆಕ್ ಈಗ ಕೊಡಗಿನ ಹೋಮ್‌ಸ್ಟೇಗಳಲ್ಲಿ ಸಾಮಾನ್ಯ. ಹೊಸದರಲ್ಲಿ ಕನ್ನಡಿಯಂತೆ ಹೊಳೆಯೋ ಹಲಗೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾವಿನ ಪೊರೆಯಂತೆ ಸುಲಿಯುತ್ತೆ, ಕಪ್ಪಾಗುತ್ತೆ, ಸ್ಕ್ರೂ ಹೊಡೆದ ಜಾಗದಲ್ಲಿ ಮೆತ್ತಗಾಗುತ್ತೆ. ಮೆತ್ತಗಾದ ಹಲಗೆ ಮೇಲೆ ಅತಿಥಿಯೊಬ್ಬರು ಕಾಲಿಟ್ಟು ಬಿದ್ದರೆ ನಷ್ಟ ಬರೀ ಮರದ್ದಲ್ಲ. ದೂರು ಬರೋದು ಬಡಗಿ ಮೇಲೆ, ಇಲ್ಲವೇ ಮರದ ಮೇಲೆ. ಆದರೆ ಬಹಳ ಸಲ ತಪ್ಪಿರೋದು ಮೇಲೆ ಹಚ್ಚಿದ್ದರಲ್ಲಿ.

ವಾರ್ನಿಷ್ ಯಾಕೆ ಸುಲಿಯುತ್ತೆ?

ವಾರ್ನಿಷ್, ಪಿಯು ಪಾಲಿಶ್ ಮರದ ಮೇಲೆ ಪದರವಾಗಿ ಕೂರುತ್ತವೆ. ಮರ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತೆ. ಅಷ್ಟು ಹಿಗ್ಗಲಾಗದ ಪದರ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಆ ಬಿರುಕಿನಲ್ಲಿ ಇಳಿದ ನೀರು ಹೊರಗೆ ಬರೋಕೆ ದಾರಿ ಇಲ್ಲದೆ ಒಳಗೇ ಉಳಿದು ಮರ ಕೊಳೆಯುತ್ತೆ. ಬಣ್ಣವಿಲ್ಲದ ವಾರ್ನಿಷ್ ಆದರೆ ಬಿಸಿಲು ಪದರ ದಾಟಿ ಮರದ ಮೈಯನ್ನೇ ಸಡಿಲ ಮಾಡುತ್ತೆ, ಪದರ ಹಿಡಿತ ಬಿಡುತ್ತೆ. ಮೆಲಮೈನ್ ಪಾಲಿಶ್ ಅಂತೂ ಮನೆಯೊಳಗಿನ ಪೀಠೋಪಕರಣಕ್ಕಷ್ಟೇ.

ಹಾಗಾದರೆ ಏನು ಹಚ್ಚಬೇಕು?

ಕಾಲಿಡೋ ಹಲಗೆಗೆ ಮರದೊಳಗೆ ಇಂಗುವ, ಹೊರಾಂಗಣಕ್ಕೆಂದೇ ತಯಾರಾದ ಮರದ ಎಣ್ಣೆ ಒಳ್ಳೇದು. ಪದರವೇ ಇಲ್ಲದ ಮೇಲೆ ಸುಲಿಯೋ ಪ್ರಶ್ನೆ ಇಲ್ಲ. ಬಣ್ಣ ಮಾಸುತ್ತೆ ಅಷ್ಟೇ. ಮಾಸಿದಾಗ ತೊಳೆದು ಒಣಗಿಸಿ ಮತ್ತೊಂದು ಕೋಟ್ ಹಚ್ಚಿದರೆ ಆಯ್ತು. ವಾರ್ನಿಷ್ ಆದರೆ ಪೂರ್ತಿ ಉಜ್ಜಿ ತೆಗೆಯಬೇಕು, ಕೂಲಿ ಅಲ್ಲೇ ದುಪ್ಪಟ್ಟು. ತಿಳಿ ಎಣ್ಣೆಗಿಂತ ಸ್ವಲ್ಪ ಕಂದು ಬಣ್ಣ ಬೆರೆತದ್ದು ಬಿಸಿಲನ್ನು ಚೆನ್ನಾಗಿ ತಡೆಯುತ್ತೆ. ಡಬ್ಬಿ ಮೇಲೆ ಶಿಲೀಂಧ್ರ ನಿರೋಧಕ ಇದೆಯೇ ಅಂತ ಓದಿ ನೋಡಬೇಕು.

ಅಗ್ಗ ಅಂತ ಬರೀ ಅಗಸೆ ಎಣ್ಣೆ ಹಚ್ಚಿದರೆ ನಮ್ಮ ಮಳೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತೆ. ಹಳೇ ಎಂಜಿನ್ ಆಯಿಲ್ ಡೆಕ್‌ಗೆ ಬೇಡವೇ ಬೇಡ: ಅದು ಒಣಗಲ್ಲ, ಬಟ್ಟೆಗೆ ಅಂಟುತ್ತೆ, ಮಳೆ ನೀರಿನ ಜೊತೆ ಮಣ್ಣಿಗೆ ವಿಷ ಸೇರಿಸುತ್ತೆ.

ಹಚ್ಚೋ ಕ್ರಮ

* ಮಳೆ ಪೂರ್ತಿ ನಿಂತು ಹಲಗೆ ಚೆನ್ನಾಗಿ ಒಣಗಿದ ಮೇಲೆ, ಅಂದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಕೆಲಸ ಮುಗಿಸಬೇಕು. ಹಸಿ ಮರ ಎಣ್ಣೆ ಕುಡಿಯಲ್ಲ.
* 80 ನಂಬರಿನ ಉಜ್ಜುಕಾಗದ ಸಾಕು. ತೀರಾ ನುಣುಪಾದರೆ ಎಣ್ಣೆ ಇಂಗಲ್ಲ, ಕಾಲೂ ಜಾರುತ್ತೆ.
* ಹಲಗೆಯ ಕೊಯ್ದ ತುದಿ ಅತಿ ಹೆಚ್ಚು ನೀರು ಹೀರುತ್ತೆ. ಅಲ್ಲಿಗೆ ಎರಡು ಮೂರು ಸಲ ಹಚ್ಚಬೇಕು. ಸಾಧ್ಯವಾದರೆ ಜೋಡಿಸುವ ಮೊದಲೇ ಅಡಿಭಾಗಕ್ಕೂ ಹಚ್ಚಬೇಕು.
* ತೆಳುವಾಗಿ ಎರಡು ಕೋಟ್. ಇಂಗದೆ ಉಳಿದದ್ದನ್ನು 15-20 ನಿಮಿಷದಲ್ಲಿ ಒರೆಸದಿದ್ದರೆ ಅಂಟಂಟಾಗುತ್ತೆ.
* ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬಾರದು, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಇಲ್ಲವೇ ನೀರಲ್ಲಿ ನೆನೆಸಿ.

ಅಂಗಡಿಯವರಿಗೆ

ಅಂಗಡಿಯ ಹಲಗೆ ಬಾಗಿಲು, ನಾಮಫಲಕದ ಚೌಕಟ್ಟಿನ ಮೇಲೆ ನೀರು ನಿಲ್ಲಲ್ಲ, ಯಾರೂ ತುಳಿಯಲ್ಲ. ಅಲ್ಲಿ ಪ್ರೈಮರ್ ಹಾಕಿ ಹೊರಾಂಗಣದ ಇನಾಮಲ್ ಪೇಂಟ್ ಹೊಡೆದರೆ ಸಾಕು. ಎದುರಿಗೆ ಇಟ್ಟ ಬೆಂಚಿಗೆ ಮಾತ್ರ ಎಣ್ಣೆಯೇ ಸರಿ.

ಯಾವ ಡಬ್ಬಿ ತಂದರೂ ನೀರು ನಿಲ್ಲೋ ಡೆಕ್ ಉಳಿಯಲ್ಲ. ಹಲಗೆಗಳ ನಡುವೆ 5 ಮಿಲಿಮೀಟರ್‌ನಷ್ಟು ಸಂದು ಬಿಟ್ಟು, ಅದರಲ್ಲಿ ಸೇರೋ ಎಲೆ, ಕಸ ಆಗಾಗ ತೆಗೆಯಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು ಹಲಗೆ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಹನಿ ಮಣಿಯಂತೆ ನಿಂತರೆ ಚಿಂತೆ ಇಲ್ಲ. ಕೆಲವೇ ನಿಮಿಷದಲ್ಲಿ ಇಂಗಿ ಮರ ಕಪ್ಪಾದರೆ, ಮತ್ತೊಂದು ಕೋಟಿಗೆ ಹೊತ್ತಾಯ್ತು ಅಂತಲೇ ಅರ್ಥ.