ಹೊಸ ಬ್ಯಾಟರಿ ತರೋ ಮುಂಚೆ ಅರ್ತಿಂಗ್ ನೋಡಿ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹಳೇ ಜೀಪು ಬಿಚ್ಚಿ ಹೊಸದಾಗಿ ಕಟ್ಟಿಸಿಕೊಂಡವರಿಗೆ ಇವತ್ತಿನ ಮಾತು. ಕೀ ತಿರುಗಿಸಿದ್ರೆ ಬರೀ 'ಟಿಕ್' ಅನ್ನುತ್ತೆ. ತಕ್ಷಣ ಹೊಸ ಬ್ಯಾಟರಿ ತರ್ತೀವಿ. ಸಾವಿರಾರು ರೂಪಾಯಿ ಹೋದ್ಮೇಲೂ ಅದೇ ಗೋಳು. ನಾನು ಹೇಳೋದಿಷ್ಟೇ: ಮೊದಲು ಮಲ್ಟಿಮೀಟರ್ ಹಿಡೀರಿ.

ರಾತ್ರಿಯೆಲ್ಲಾ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್. 12.2 ಅಂದ್ರೆ ಹೆಚ್ಚುಕಡಿಮೆ ಅರ್ಧ. ಅದಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಪರೀಕ್ಷೆ.

ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೀರಿ. ಮೀಟರಿನ ಒಂದು ವೈರು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಪೇಂಟಿಲ್ಲದ ಜಾಗಕ್ಕೆ ಹಿಡಿದು, ಬೇರೆಯವರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ತೊಂದರೆ ಅರ್ತಿಂಗ್‌ನಲ್ಲಿದೆ.

ಯಾಕೆ ಗೊತ್ತಾ? ಎಂಜಿನ್ ಕೂತಿರೋದು ರಬ್ಬರ್ ಮೌಂಟಿನ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಕಟ್ಟಿಸೋವಾಗ ಚಾಸಿಗೆ ಪೇಂಟ್ ಹೊಡೆದು, ಅದರ ಮೇಲೇ ಅರ್ತ್ ಬೋಲ್ಟ್ ಬಿಗಿದಿರ್ತಾರೆ. ನೆಗೆಟಿವ್ ಕೇಬಲ್ ಬಿಚ್ಚಿಟ್ಟು, ಪೇಂಟ್ ಕೆರೆದು, ಬ್ಲಾಕಿನಿಂದ ಚಾಸಿಗೆ ದಪ್ಪ ಕೇಬಲ್ ಹಾಕಿಸಿ.

ಅರ್ತಿಂಗ್ ಸರಿಯಿದ್ದು, ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ 9.6ಕ್ಕಿಂತ ಕೆಳಗಿಳಿದರೆ ಆಗ ಬ್ಯಾಟರಿ ಮೇಲೆ ಅನುಮಾನ ಪಡಿ. ಸ್ಟಾರ್ಟ್ ಆದ ಮೇಲೆ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು; ಇಲ್ಲದಿದ್ದರೆ ಆಲ್ಟರ್ನೇಟರ್ ತೋರಿಸಿ.

ನಮ್ಮ ಬಯಲುಸೀಮೆ ಬಿಸಿಲಿಗೆ ಬ್ಯಾಟರಿ ನೀರು ಬೇಗ ಇಂಗುತ್ತೆ. ಮುಚ್ಚಳ ತೆಗೆಯೋ ಬ್ಯಾಟರಿಯಾದರೆ ಬೇಸಿಗೇಲಿ ತಿಂಗಳಿಗೊಮ್ಮೆ ನೋಡಿ, ಡಿಸ್ಟಿಲ್ಡ್ ವಾಟರನ್ನೇ ಹಾಕಿ. ರಾತ್ರಿ ಆಸ್ಪತ್ರೆಗೆ ಹೊರಡಬೇಕಾದಾಗ ಗಾಡಿ ತಳ್ಳೋಕೆ ರಸ್ತೇಲಿ ಯಾರೂ ಸಿಗಲ್ಲ. ಹತ್ತು ನಿಮಿಷದ ಈ ಪರೀಕ್ಷೆ ಹಗಲಲ್ಲೇ ಮುಗಿಸಿಕೊಳ್ಳಿ.